ದನಿಯ ಹಿಂದೆ ನಾಲ್ಕು ಊರು

ದಾವಣಗೆರೆಯಿಂದ ಚನ್ನಗಿರಿಗೆ ಬೆಳಗಿನ ಬಸ್ಸು ಹತ್ತಿದಾಗ ನನ್ನ ಹತ್ತಿರ ಇದ್ದದ್ದು ಒಂದು ಲ್ಯಾಪ್‌ಟಾಪು, ಎರಡು ಜೊತೆ ಬಟ್ಟೆ ಮತ್ತು ಸಾಕಷ್ಟು ಜಂಭ. ನಮ್ಮ ಪ್ರದೇಶದ ಡಿಜಿಟಲ್ ತಂತ್ರಜ್ಞಾನ ಮತ್ತು ಕೌಶಲ್ಯ ಯೋಜನೆಯ ಕರಡು ಸಿದ್ಧವಾಗಿತ್ತು. ಅದನ್ನು ನಾಲ್ಕು ಊರುಗಳಲ್ಲಿ ಜನರ ಮುಂದಿಟ್ಟು ಅಭಿಪ್ರಾಯ ಕೇಳಬೇಕಿತ್ತು. ಯೋಜನಾಧಿಕಾರಿ ಸುಜಾತಾ ಮೇಡಂ ಜೀಪಿನಲ್ಲಿ ಬರುತ್ತಿದ್ದರು. ಗುತ್ತಿಗೆ ನೌಕರನಾದ ನನಗೆ ಸರ್ಕಾರಿ ಬಸ್ಸೇ ಗತಿ.

ಸಭೆಗೆ ಜನರನ್ನು ಕರೆಯುವ ಕೆಲಸ ನನ್ನದು. ಡಂಗುರದ ಕಾಲ ಮುಗಿಯಿತೆಂದು ಮೇಡಂಗೆ ಉಪದೇಶ ಮಾಡಿ, ಊರೂರಿನ ಫೋನುಗಳಿಗೆ ಯಂತ್ರವೇ ಕರೆ ಮಾಡುವ ಹಾಗೆ ಏರ್ಪಾಡು ಮಾಡಿದ್ದೆ. ಬೆಂಗಳೂರಿನ ಒಂದು ಕಂಪನಿಯಿಂದ ಹುಡುಗಿಯೊಬ್ಬಳ ದನಿ ತರಿಸಿದ್ದೆವು. ಏನು ಬರೆದುಕೊಟ್ಟರೂ ಯಂತ್ರ ಅದನ್ನು ಆ ದನಿಯಲ್ಲಿ ಹೇಳುತ್ತಿತ್ತು, ಒಬ್ಬೊಬ್ಬರನ್ನೂ ಹೆಸರು ಹಿಡಿದು ಕರೆಯುತ್ತಿತ್ತು: "ರುದ್ರಪ್ಪಣ್ಣಾ, ಸಭೆ ಐತೆ, ಬರ್ರಿ." ನಮ್ಮ ಕಡೆಯದೇ ಮಾತು, ನಮ್ಮ ಕಡೆಯದೇ ರಾಗ. ಮೇಡಂಗೆ ಅದು ಎಷ್ಟು ಹಿಡಿಸಿತೆಂದರೆ, ಮುಂದೆ ಹಳ್ಳಿಹಳ್ಳಿಯ ತರಬೇತಿ ಪಾಠಗಳನ್ನೆಲ್ಲ ಇದೇ ದನಿಯಲ್ಲಿ ಹೇಳಿಸುವುದೆಂದು ಕರಡಿನಲ್ಲೇ ಸೇರಿಸಿಬಿಟ್ಟಿದ್ದರು.

ಚನ್ನಗಿರಿಯಲ್ಲಿ ಸಭೆ ಚೆನ್ನಾಗಿಯೇ ಆಯಿತು. ಬಸವಾಪಟ್ಟಣದಿಂದ, ಕೆರೆಬಿಳಚಿಯಿಂದ ಜನ ಬಂದಿದ್ದರು. ಫ್ಯಾನು ತಿರುಗುತ್ತಿದ್ದರೂ ಅಂಗಿ ಬೆನ್ನಿಗೆ ಅಂಟುತ್ತಿತ್ತು. "ಮೊದ್ಲು ಟವರ್ ಹಾಕ್ರಿ, ಆಮೇಲೆ ಕೌಶಲ್ಯದ ಮಾತು," ಎಂದು ಒಬ್ಬರು ರೇಗಿದರು. ಕೆರೆಬಿಳಚಿಯ ಹೆಂಗಸೊಬ್ಬರು ಎದ್ದು, "ಬ್ಯಾಂಕಿನೋರು ಅಂತ ಯಾರ್‍ಯಾರೋ ಫೋನ್ ಮಾಡ್ತಾರೆ. ಯಾವುದು ನಿಜ, ಯಾವುದು ಸುಳ್ಳು ಅಂತ ತಿಳಿಯಾದು ಹೆಂಗೆ? ಅದನ್ನ ಕಲಿಸ್ರಿ," ಎಂದರು. ಒಳ್ಳೆಯ ಮಾತೆಂದು ಬರೆದುಕೊಂಡೆ. ಸಭೆ ಮುಗಿದು ಹೊರಗೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುತ್ತಿದ್ದಾಗ ಒಬ್ಬ ಆಟೋದವನು ಹತ್ತಿರ ಬಂದ.

"ಸಾರ್, ಫೋನಿನಾಗೆ ಕರೀತಾಳಲ್ಲ, ಆ ಹುಡುಗಿ ನ್ಯಾಮತಿಯೋಳಾ?"

"ಹುಡುಗಿ ಇಲ್ಲಪ್ಪ, ಅದು ಯಂತ್ರ," ಎಂದು ನಕ್ಕೆ. ಅವನು ನಗಲಿಲ್ಲ.

ಮರುದಿನ ಹೊನ್ನಾಳಿ. ಹೊಳೆಯಲ್ಲಿ ನೀರು ಕಡಿಮೆ ಇತ್ತು, ಬಂಡೆಗಳ ಮೇಲೆ ಬಟ್ಟೆಗಳು ಒಣಗುತ್ತಿದ್ದವು. ಸಭೆಗೆ ಬಂದವರು ಅರ್ಧಕ್ಕರ್ಧ. ಧ್ವನಿವರ್ಧಕದಲ್ಲಿ ನಮ್ಮ ಹುಡುಗಿ, "ಎಲ್ಲಾರೂ ಬಂದ್ರಾ? ಕೂತ್ಕೊಳ್ರಿ," ಎಂದು ಸ್ವಾಗತ ಹೇಳಿದ್ದೇ ತಡ, ಹಿಂದಿನ ಸಾಲಿನ ಹೆಂಗಸರು ಸೆರಗು ಹೊದ್ದು ಎದ್ದರು. ಬಾಗಿಲವರೆಗೆ ಓಡಿ ಕೇಳಿದರೆ, "ಹಾಲು ಕಾಯಾಕೆ ಇಟ್ಟು ಬಂದೀನ್ರೀ," ಎಂದಳು ಒಬ್ಬಳು. ಅವಳ ಹಿಂದಿನವಳೂ ಅದನ್ನೇ ಹೇಳಿದಳು. ಅವಳ ಹಿಂದಿನವಳೂ ಅದನ್ನೇ. ಇಡೀ ಹೊನ್ನಾಳಿಯಲ್ಲಿ ಒಂದೇ ಗಳಿಗೆಗೆ ಹಾಲು ಉಕ್ಕುತ್ತದೆಯೇ ಎಂದು ಮೇಡಂ ಮುಂದೆ ತಮಾಷೆ ಮಾಡಿದೆ. ಆದರೆ ಒಳಗೊಳಗೇ ಯಾಕೋ ಕಸಿವಿಸಿಯಾಗಿತ್ತು.

ನ್ಯಾಮತಿಯಲ್ಲಿ ಸಭೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಕುರ್ಚಿಗಳೆಲ್ಲ ಹಾಕಿದ ಹಾಗೇ ಇದ್ದವು. ಮೇಡಂ ಮುಖ ಗಂಟಿಕ್ಕಿದರು. "ಇನ್ನೊಂದು ಸಲ ಕರೆ ಬಿಡಿ," ಎಂದರು. ನಾನು ಎದುರಿನ ಚಹಾದಂಗಡಿಯಲ್ಲಿ ಕೂತು ಲ್ಯಾಪ್‌ಟಾಪ್ ತೆರೆದು ಕರೆ ಬಿಟ್ಟೆ. ಮೊದಲು ಚಹಾದಂಗಡಿಯವನ ಫೋನು ರಿಂಗಾಯಿತು. ಆಮೇಲೆ ಪಕ್ಕದ ದರ್ಜಿಯದು, ಆಚೆಯ ಗೊಬ್ಬರದಂಗಡಿಯದು. ನೋಡನೋಡುತ್ತ ಬೀದಿಯ ಉದ್ದಕ್ಕೂ ಫೋನುಗಳು ರಿಂಗಾಗತೊಡಗಿದವು. ಹಾಡಹಗಲು, ಅಂಗಡಿಗಳೆಲ್ಲ ತೆರೆದಿವೆ, ಜನ ಕೂತಿದ್ದಾರೆ. ಯಾರೂ ಎತ್ತಲಿಲ್ಲ. ಎಲ್ಲರೂ ಫೋನಿನಿಂದ ಕಣ್ಣು ತಪ್ಪಿಸಿ ಎತ್ತಲೋ ನೋಡುತ್ತಿದ್ದರು.

"ಯಾಕ್ರೀ ಎತ್ತಲ್ಲ?" ಎಂದೆ.

ಚಹಾದಂಗಡಿಯವನು ದನಿ ತಗ್ಗಿಸಿದ. "ಹೆಸರು ಹಿಡಿದು ಕರೀತಾಳ್ರೀ. ಸತ್ತೋರು ಕರೆದ್ರೆ ಓ ಅನ್ನಬಾರ್ದು. ಓ ಅಂದ್ರೆ ಕರ್ಕಂಡು ಹೋಗ್ತಾರೆ."

ಹೊರಗಿನಿಂದ ಯಾರಾದರೂ ಕರೆದರೆ ಮೊದಲ ಕರೆಗೇ ಓಗೊಡಬೇಡ ಎಂದು ನನ್ನ ಅಜ್ಜಿಯೂ ಹೇಳುತ್ತಿದ್ದಳು. ಓದಿದವನೆಂದು ನಾನು ಅದನ್ನು ಎಂದೋ ಗಾಳಿಗೆ ತೂರಿದ್ದೆ.

ಆಮೇಲೆ ಅವನೇ ಎಲ್ಲ ಹೇಳಿದ. ಸವಳಂಗದ ರೇಖಾ ಇಲ್ಲೇ ನ್ಯಾಮತಿಯ ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸಕ್ಕಿದ್ದಳು. ಪಹಣಿ ಬಂತು, ಕಾರ್ಡು ಬಂತು ಎಂದು ಎಲ್ಲರಿಗೂ ಫೋನು ಮಾಡಿ, ಅಣ್ಣಾ, ಅಕ್ಕಾ ಎಂದು ಕರೆಯುತ್ತಿದ್ದವಳು ಅವಳೇ. ಬೆಂಗಳೂರಿನ ಕಂಪನಿಯೊಂದು ಬರೆದುಕೊಟ್ಟ ಸಾಲುಗಳನ್ನು ಬಿಡುವಿನಲ್ಲಿ ಕಾಸಿಗಾಗಿ ಫೋನಿನಲ್ಲಿ ಓದಿ ಕಳಿಸುತ್ತಿದ್ದಳು; ನಾವು ತರಿಸಿದ ದನಿ ಅದೇ. ಹೋದ ವರ್ಷ ಕಾಮಾಲೆಯಾಗಿ ತೀರಿಕೊಂಡಳು.

ಅಷ್ಟರಲ್ಲಿ ಸಭಾಭವನದ ಬಾಗಿಲಲ್ಲಿ ಒಬ್ಬ ಹೆಂಗಸು ನಿಂತಿದ್ದು ಕಂಡಿತು. ರೇಖಾಳ ತಾಯಿ ಗಂಗಮ್ಮ ಎಂದ ಚಹಾದಂಗಡಿಯವನು. ಮಗಳ ದನಿ ಕರೆಯುತ್ತಿದೆ ಎಂದು ಜನ ಹೇಳಿದ್ದು ಕೇಳಿ ಸವಳಂಗದಿಂದ ಬಸ್ಸಿನಲ್ಲಿ ಬಂದಿದ್ದಳು.

"ನನ್ನ ಮಗಳ ದನಿ ನಿಲ್ಲಿಸ್ರಿ," ಎಂದಳು. ಬೇರೆ ಪೀಠಿಕೆ ಇಲ್ಲ.

ಮೇಡಂ ಸಮಾಧಾನ ಹೇಳಿದರು. ಕರಡಿನಲ್ಲಿ ಸೇರಿದೆ, ನಾವಿಬ್ಬರೇ ತೆಗೆಯಲು ಬರುವುದಿಲ್ಲ, ಸಭೆಯಲ್ಲಿ ಯಾರಾದರೂ ಆಕ್ಷೇಪ ಹೇಳಿದರೆ ದಾಖಲಾಗುತ್ತದೆ, ಆದರೆ ಇಲ್ಲಿ ಸಭೆಯೇ ಆಗಲಿಲ್ಲವಲ್ಲ ಎಂದರು.

"ಮುಂದಿನ ಸಭೆ ಎಲ್ಲೈತೆ?"

"ಜಗಳೂರಲ್ಲಿ, ನಾಳೆ."

"ಬರ್ತೀನಿ."

ಜಗಳೂರಿನ ಬಸ್ಸಿನಲ್ಲಿ ಅವಳು ನನ್ನ ಪಕ್ಕವೇ ಕೂತಳು. ದಾವಣಗೆರೆ ದಾಟಿದ ಮೇಲೆ ಹಸಿರು ತೆಳುವಾಯಿತು, ಬಿಸಿಗಾಳಿ ಕಿಟಕಿಯಿಂದ ದೂಳು ತಂದು ಸುರಿಯಿತು. ಗಂಗಮ್ಮ ಬುತ್ತಿ ಬಿಚ್ಚಿ ನನಗೂ ಒಂದು ರೊಟ್ಟಿ ಕೊಟ್ಟಳು. ಮಗಳ ಬಗ್ಗೆ ಏನಾದರೂ ಕೇಳೋಣವೆಂದರೆ ಬಾಯಿ ಬರಲಿಲ್ಲ. ನನ್ನ ತೊಡೆಯ ಮೇಲಿದ್ದ ಲ್ಯಾಪ್‌ಟಾಪಿನ ಚೀಲವನ್ನು ಅವಳು ಆಗಾಗ ನೋಡುತ್ತಿದ್ದಳು. ನೆರೆಯವರ ಕೂಸನ್ನು ನೋಡಿದ ಹಾಗೆ ನೋಡುತ್ತಿದ್ದಳು.

ಜಗಳೂರಿನವರಿಗೆ ಆ ದನಿಯ ಗುರುತಿಲ್ಲ. ಸಭಾಭವನ ಕಿಕ್ಕಿರಿದಿತ್ತು. ಧ್ವನಿವರ್ಧಕದಲ್ಲಿ ಅದೇ ದನಿಯ ಸ್ವಾಗತ ಮುಗಿದು ಮೇಡಂ ಅಭಿಪ್ರಾಯ ಕೇಳಿದಾಗ ಗಂಗಮ್ಮ ಎಲ್ಲರಿಗಿಂತ ಮೊದಲು ಎದ್ದಳು. ಮೈಕು ಹಿಡಿಯಲು ಬರಲಿಲ್ಲ, ಹಾಗೇ ಮಾತಾಡಿದಳು.

"ಈಗ ನಿಮ್ಗೆ ಕೂತ್ಕೊಳ್ರಿ ಅಂದ್ಳಲ್ಲ, ಅವ್ಳು ನನ್ನ ಮಗಳು. ಮಣ್ಣು ಮಾಡಿ ವರ್ಷ ಆತು. ಕಂಪ್ಯೂಟರ್ ಬ್ಯಾಡ ಅನ್ನಲ್ಲ. ನನ್ನ ಮಗಳೂ ಅದ್ರಾಗೇ ದುಡಿದು ನನ್ನ ಸಾಕಿದ್ಲು. ಆದ್ರೆ ದುಡಿದಿದ್ದು ಸಾಕ್ರೀ. ಸತ್ತ ಮ್ಯಾಲೂ ದುಡಿಸ್ಬ್ಯಾಡ್ರಿ. ಮಲಗಾಕೆ ಬಿಡ್ರಿ."

ಮೇಲಿದ್ದ ಧ್ವನಿವರ್ಧಕದ ಕಡೆಗೆ ಒಬ್ಬೊಬ್ಬರಾಗಿ ತಲೆಯೆತ್ತಿ ನೋಡಿದರು. ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು, "ಆಯಮ್ಮ ಹೇಳಿದ್ದು ನಮ್ಮೆಲ್ಲಾರ ಅಭಿಪ್ರಾಯ ಅಂತ ಬರ್ಕೊಳ್ರಿ," ಎಂದರು. ಎಲ್ಲರೂ ಕೈ ಎತ್ತಿದರು. ಮೇಡಂ ಕೂಡ ಎತ್ತಿದರು, ಅಧಿಕಾರಿಗಳು ಎತ್ತುವ ಹಾಗಿಲ್ಲ ಎಂಬುದು ಮರೆತುಹೋಗಿತ್ತೋ ಏನೋ. ಕರಡಿನಿಂದ ಆ ಮಾತು ತೆಗೆಯುವುದು, ಯಂತ್ರದಿಂದ ದನಿ ಅಳಿಸುವುದು ಎಂದು ಅಲ್ಲೇ ತೀರ್ಮಾನವಾಯಿತು.

ಸಂಜೆಗೆ ದಾವಣಗೆರೆ ನಿಲ್ದಾಣಕ್ಕೆ ಮರಳಿದೆವು. ಅಳಿಸುವ ಕೆಲಸ ಇನ್ನೂ ನನ್ನ ಕೈಯಲ್ಲಿತ್ತು. ಸವಳಂಗದ ಬಸ್ಸು ಬಂದು ನಿಂತಿತ್ತು. ಗಂಗಮ್ಮನನ್ನು ಬರಿಗೈಯಲ್ಲಿ ಕಳಿಸಲು ಮನಸ್ಸು ಬರಲಿಲ್ಲ. ತಡೆಯಲಾರದೆ ಕೇಳಿಯೇಬಿಟ್ಟೆ.

"ಅಮ್ಮಾ, ಅಳಿಸೋ ಮೊದ್ಲು ಒಂದೇ ಒಂದು ಸಲ 'ಅವ್ವಾ' ಅನ್ನಿಸ್ಲಾ? ಊರೋರನ್ನೆಲ್ಲ ಕರೆದ್ಲು, ನಿಮ್ಮನ್ನ ಕರೀಲಿಲ್ಲ."

ಅವಳ ಮುಖ ಒಂದು ಗಳಿಗೆ ಅರಳಿತು. ನಾನು ಚೀಲದ ಜಿಪ್ಪಿಗೆ ಕೈ ಹಾಕಿದ್ದೇ ತಡ, ಅವಳು ಸರಸರ ಬಸ್ಸು ಹತ್ತಿ ಕೂತಳು. ಬಸ್ಸು ಹೊರಳುವಾಗ ಕಿಟಕಿಯಿಂದ ಬಗ್ಗಿ ಹೇಳಿದಳು:

"ಬ್ಯಾಡ ತಮ್ಮಾ. ಊರೋರು ತಡ್ಕಂಡ್ರು. ನಾನು ಓ ಅಂದ್ಬಿಡ್ತೀನಿ."