ಕೈಗೆ ಬಂದ ಕಾಲಿನ ಮೂಳೆ

ಬಟ್ಟೆ ಕಾರ್ಖಾನೆಯ ಗೇಟಿನಲ್ಲಿ ನಿಂತು, ಕೆಲಸ ಮುಗಿಸಿ ಹೊರಡುವ ಹೆಂಗಸರ ಚೀಲ, ಡಬ್ಬಿ ತಡಕುವುದೇ ಅವಳ ಉದ್ಯೋಗ. ಎಲ್ಲರ ಬಾಯಲ್ಲೂ ಅವಳು ಗೇಟಕ್ಕ. ಆ ಕೆಲಸ ಮಾಡೀ ಮಾಡೀ ಅನುಮಾನ ಅವಳಿಗೆ ಮೈಗಂಟಿಬಿಟ್ಟಿತ್ತು. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ ಅನ್ನೋಳು. ನಗದಿದ್ದರೆ ಜಾಸ್ತಿ ಬೆರೆಸಿದ್ದಾನೆ ಅನ್ನೋಳು.

ಮಗಳು ಪುಟ್ಟಿ ಬಲಗೈ ನೋವೆಂದು ಅತ್ತಾಗಲೂ ಶಾಲೆ ತಪ್ಪಿಸೋ ನಾಟಕ ಅಂದುಕೊಂಡಳು. ಭುಜದ ಕೆಳಗೆ ಬಾವು ಕಂಡಾಗ ಮಾತ್ರ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಓಡಿದಳು. ಅಲ್ಲಿ ಪರೀಕ್ಷೆ ಮಾಡಿ, ತೋಳಿನ ಮೂಳೆಗೆ ಕ್ಯಾನ್ಸರ್ ಅಂದರು.

ತಿಂಗಳುಗಟ್ಟಲೆ ಔಷಧಿ ಏರಿಸಿ, ಪುಟ್ಟಿಯ ಕೂದಲೆಲ್ಲ ಉದುರಿದ ಮೇಲೆ ಮೂಳೆ ಡಾಕ್ಟರಮ್ಮ ಗಂಡಹೆಂಡಿರನ್ನು ಕೂರಿಸಿಕೊಂಡು ಹೇಳಿದರು: "ಕೆಟ್ಟ ಮೂಳೆ ತೆಗೀಲೇಬೇಕು. ಆ ಜಾಗಕ್ಕೆ ಲೋಹದ ರಾಡು ಹಾಕಿದ್ರೆ ಅದು ಬೆಳೆಯಲ್ಲ, ಕೈ ಗಿಡ್ಡ ಉಳಿಯುತ್ತೆ. ಮೊಣಕಾಲಿನ ಕೆಳಗೆ ಎರಡು ಮೂಳೆ ಇರ್ತಾವೆ. ಅದರಲ್ಲಿ ತೆಳ್ಳಗಿರೋದನ್ನ, ಬೆಳೆಯೋ ತುದಿ, ರಕ್ತನಾಳ ಸಮೇತ ತೆಗೆದು ತೋಳಿಗೆ ಕೂರಿಸ್ತೀವಿ. ನಾಳ ಸರಿಯಾಗಿ ಸೇರಿಕೊಂಡ್ರೆ ಮಗು ಜೊತೆ ಅದೂ ಬೆಳೆಯುತ್ತೆ."

"ಕೈಗೆ ರೋಗ ಬಂದ್ರೆ ಚೆನ್ನಾಗಿರೋ ಕಾಲು ಯಾಕೆ ಕುಯ್ತೀರಿ? ನನ್ನ ಮಗಳ ಮೇಲೆ ಪ್ರಯೋಗ ಮಾಡ್ತಿದೀರಾ?" ಗೇಟಕ್ಕ ಎದ್ದು ನಿಂತಳು. ಗಂಡ ಸೆರಗು ಜಗ್ಗಿದರೂ ಕೂರಲಿಲ್ಲ.

ಮರುದಿನ ಯಾರಿಗೂ ಹೇಳದೆ ಮಗಳ ಎಕ್ಸ್‌ರೇ ಫಿಲಂ ಹಿಡಿದು ಇನ್ನೊಂದು ಆಸ್ಪತ್ರೆಗೆ ಹೋದಳು. ಅಲ್ಲಿನ ಡಾಕ್ಟರೂ ಅದನ್ನೇ ಅಂದರು.

"ಇಬ್ರೂ ಮೊದಲೇ ಫೋನಲ್ಲಿ ಮಾತಾಡ್ಕೊಂಡಿದಾರೆ," ಅಂದಳು ಮನೆಗೆ ಬಂದು.

"ನೀನು ಅಲ್ಲಿಗೆ ಹೋಗಿದ್ದು ನನಗೇ ಗೊತ್ತಿರ್ಲಿಲ್ಲ ಮಾರಾಯ್ತಿ, ಅವರಿಗೆ ಹೇಗೆ ಗೊತ್ತಾಗ್ಬೇಕು?" ಗಂಡ ತಲೆ ಚಚ್ಚಿಕೊಂಡ.

ಮತ್ತೆ ಡಾಕ್ಟರಮ್ಮನ ಎದುರು ಕೂತು ನೇರವಾಗಿ ಕೇಳಿದಳು. "ಬೆಳೆದೇ ಬೆಳೆಯುತ್ತೆ ಅಂತ ಬರೆದುಕೊಡ್ತೀರಾ?"

"ಇಲ್ಲಮ್ಮ. ಬೆಳೀಬಹುದು, ಬೆಳೀದೆಯೂ ಇರಬಹುದು. ಕೆಲವು ತಿಂಗಳು ಪಾದ ಮೇಲೆತ್ತೋಕಾಗದೆ ಇರಬಹುದು. ಹೊಸ ಮೂಳೆ ಒಂದ್ಸಲ ಮುರಿಯಲೂಬಹುದು."

ಕದ್ದು ಸಾಗಿಸುವವರು ಗೇಟಿನಲ್ಲಿ ಯಾವತ್ತೂ ಹೀಗೆ ಮಾತಾಡಿದ್ದಿಲ್ಲ. ಅವರದು ಪಟಪಟ ಉತ್ತರ, ಆಣೆ ಪ್ರಮಾಣ. ಗೇಟಕ್ಕ ಕುರ್ಚಿ ಮುಂದಕ್ಕೆಳೆದುಕೊಂಡು, "ಮಾಡಿ," ಅಂದಳು.

ಬೆಳಿಗ್ಗೆ ಒಳಗೆ ಹೋದ ಪುಟ್ಟಿ ಹೊರಬಂದಾಗ ಸಂಜೆಯಾಗಿತ್ತು. ಕೈಗೂ ಕಾಲಿಗೂ ಕಟ್ಟು. ಕಾಲಿನ ಕಟ್ಟು ಬಿಚ್ಚಿದಾಗ ಪಾದ ಜೋಲುಬಿದ್ದಿತ್ತು. ಡಾಕ್ಟರಮ್ಮ ಮೊದಲೇ ಹೇಳಿದ್ದರೂ ಗೇಟಕ್ಕ ಇನ್ನೊಂದು ಪಾದದ ಜೊತೆ ಹೋಲಿಸಿ ಹೋಲಿಸಿ ನೋಡಿದಳು. ದಿನಾ ಪಾದ ನೀವಿ, "ಎತ್ತು ಕಂದ, ಎತ್ತು," ಅನ್ನುವಳು. ತಿಂಗಳುಗಳು ಕಳೆದು, ಒಂದು ಮಧ್ಯಾಹ್ನ ಹೆಬ್ಬೆರಳು ಅಲುಗಿತು. ನಿಧಾನಕ್ಕೆ ಪಾದವೂ ಎದ್ದಿತು.

ಮುಂದಿನ ವರ್ಷ ಪುಟ್ಟಿ ಮಂಚದಿಂದ ಬಿದ್ದು, ತೋಳಿಗೆ ಕೂರಿಸಿದ್ದ ಮೂಳೆ ಮುರಿಯಿತು.

"ಎಲ್ಲಾ ಮೋಸ!" ಆಸ್ಪತ್ರೆ ಕಾರಿಡಾರೇ ಅದುರುವಂತೆ ಗೇಟಕ್ಕ ಕೂಗಿದಳು. ಡಾಕ್ಟರಮ್ಮ ಸಿಟ್ಟಾಗಲಿಲ್ಲ. ತೋಳಿಗೆ ಪಟ್ಟಿ ಕಟ್ಟಿ, "ಜೀವ ಇರೋ ಮೂಳೆ ತಾನೇ ಕೂಡಿಕೊಳ್ಳುತ್ತೆ. ಕಾಯೋಣ," ಅಂದರು.

ಪಟ್ಟಿ ಬಿಚ್ಚಿದ ದಿನ ಹಳೆಯ, ಹೊಸ ಫಿಲಮ್ಮುಗಳನ್ನು ಬೆಳಕಿಗೆ ಹಿಡಿದರು. ಮುರಿದ ಜಾಗ ಕೂಡಿಕೊಂಡು, ಕಡ್ಡಿಯಂತಿದ್ದ ಮೂಳೆ ದಪ್ಪಗಾಗಿತ್ತು. ಉದ್ದವೂ ಆಗಿತ್ತು. ಗೇಟಕ್ಕ ಎರಡೂ ಫಿಲಮ್ಮುಗಳ ಮೇಲಿದ್ದ ಹೆಸರನ್ನು ಮತ್ತೆ ಮತ್ತೆ ಓದಿದಳು. ಎರಡೂ ತನ್ನ ಮಗಳದೇ. ಆಮೇಲೆ ಅಲ್ಲೇ ಸ್ಟೂಲಿನ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತಳು.

ಈಗ ಪುಟ್ಟಿಯ ಬಲಗೈ ಕಿವಿಯವರೆಗೆ ಏಳುತ್ತದೆ, ಮೇಲಕ್ಕಿಲ್ಲ. ಬರೆಯುತ್ತಾಳೆ, ತಂದೆಯ ಬೆನ್ನಿಗೆ ಗುದ್ದುತ್ತಾಳೆ. ಮೊನ್ನೆ ತಪಾಸಣೆಗೆ ಹೋದಾಗ, ಮಗನನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ ಒಬ್ಬ ಅಪ್ಪನಿಗೆ ಗೇಟಕ್ಕ ತಾನಾಗಿಯೇ ಇದನ್ನೆಲ್ಲ ಹೇಳಿದಳು. ಆತ ಅವಳನ್ನು ಮೇಲಿಂದ ಕೆಳಗೆ ನೋಡಿ, "ಹೀಗೆ ಹೇಳೋಕೆ ಆಸ್ಪತ್ರೆಯವರು ಕಳಿಸಿದ್ರಾ?" ಅಂದ.

ಗೇಟಕ್ಕನಿಗೆ ನಗು ತಡೆಯಲಾಗಲಿಲ್ಲ. "ಪುಟ್ಟಿ, ಬಾರೇ ಇಲ್ಲಿ. ಇವರಿಗೆ ಕೈ ತೋರಿಸು," ಅಂತ ಮಗಳನ್ನು ಕರೆದಳು.