ಬರೀ ಕಲ್ಲು ತಿರುವಿದ ದಿನ

ಗಿರಣಿಯಿಂದ ಆಗತಾನೇ ಬಂದ ಜೋಳದ ಹಿಟ್ಟಿನ ಬಿಸಿ ವಾಸನೆ ಮೂಗಿಗೆ ಬಡಿದರೆ ಸಾಕು, ಈ ವಯಸ್ಸಿನಲ್ಲೂ ನನ್ನ ಕೈ ತಾನಾಗಿಯೇ ಚೀಲದೊಳಗೆ ಹೋಗುತ್ತದೆ. ಬೆಚ್ಚಗಿನ ಹಿಟ್ಟಿನಲ್ಲಿ ಮಣಿಕಟ್ಟಿನತನಕ ಕೈ ಇಳಿಸಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತೇನೆ. ಸೊಸೆ ನಗುತ್ತಾಳೆ, ನಗಲಿ. ಆಕೆಗೆ ಯಲವಿಗಿ ಹತ್ತಿರದ ನಮ್ಮ ಮಣ್ಣಿನ ಮನೆ ಗೊತ್ತಿಲ್ಲ, ಬೆಳಗಿನ ಜಾವ ಪಡಸಾಲೆಯಲ್ಲಿ ಗರಗರ ಎನ್ನುತ್ತಿದ್ದ ಬೀಸುವ ಕಲ್ಲು ಗೊತ್ತಿಲ್ಲ, ಅದರ ಮುಂದೆ ಒಂದು ಕಾಲು ಚಾಚಿ ಇನ್ನೊಂದು ಮಡಚಿ ಕೂತಿರುತ್ತಿದ್ದ ನೀಲವ್ವತ್ತಿಯಂತೂ ಗೊತ್ತೇ ಇಲ್ಲ. ನಿಮ್ಮ ಮನೆಯಲ್ಲೂ ಅಂಥ ಒಬ್ಬಾಕೆ ಇದ್ದಿರಬೇಕು. ನೀಲವ್ವತ್ತಿ ಅಪ್ಪನ ತಂಗಿ. ಮದುವೆಯಾದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ಅವ್ವನದು ಒಲೆ, ಅತ್ತಿಯದು ಕಲ್ಲು. ನನಗೆ ಹತ್ತು ತುಂಬಿದ ಮೇಲೆ ನಾನೂ ಅತ್ತಿಯ ಎದುರು ಕೂತು ಕಲ್ಲಿನ ಅದೇ ಗೂಟಕ್ಕೆ ಕೈ ಹಚ್ಚತೊಡಗಿದೆ. ಬೀಸುವ ಪದ ಹಾಡಲು ಅವಳಿಗೆ ಬರುತ್ತಿರಲಿಲ್ಲ, ಕಾಗೆ ಕಂಠ. ಅದಕ್ಕೇ ಊರ ಮಂದಿಯ ನಡಿಗೆ, ಮಾತು ಅಣಕಿಸಿ ನನ್ನ ನಿದ್ದೆ ಬಿಡಿಸುತ್ತಿದ್ದಳು.

ನಾನು ಏಳನೆಯ ಇಯತ್ತೆಯಲ್ಲಿದ್ದೆ, ಅಂದರೆ ಮುಲ್ಕಿ ಪರೀಕ್ಷೆಯ ವರ್ಷ. ಅಪ್ಪನಿಗೆ ನಾನು ಓದುವುದು ಬೇಕಿರಲಿಲ್ಲ. "ಮುಲ್ಕಿ ಪಾಸಾಗಿ ಕಲೆಕ್ಟರ್ ಆಗಾಕಿ ಏನ ನೀ? ಮನಿ ಕೆಲಸದಾಗ ಒಂದು ತಪ್ಪು ಕಂಡರೂ ಸಾಲಿ ಬಂದ್" ಎಂದು ಹೇಳಿಬಿಟ್ಟಿದ್ದ. ಒಂದು ದಿನ ಮಾಸ್ತರರು ನಮ್ಮೆಲ್ಲರ ಅಂಗೈ ತಿಕ್ಕಿಸಿದರು. "ಬೆಚ್ಚಗಾತಿಲ್ಲೋ? ನಿಮ್ಮ ತೋಳಿನ ಶಕ್ತೀನ ಈಗ ಬಿಸಿ ಆತು. ಯಲವಿಗಿ ಸ್ಟೇಶನ್ನಿನಾಗ ಎಂಜಿನ್ ನೋಡೀರಲ್ಲ, ಅದರಾಗ ಉರಿ ಹೋಗಿ ಓಟ ಆಗ್ತೈತಿ. ಶಕ್ತಿ ಸಾಯಂಗಿಲ್ಲ, ವೇಷ ಬದಲಿ ಮಾಡ್ತೈತಿ" ಅಂದರು. ನನ್ನ ತಲೆಯೊಳಗೆ ಹುಳ ಹೊಕ್ಕಿತು. ಹಾಗಾದರೆ ನಮ್ಮ ಹಿಟ್ಟಿನ ಬಿಸಿ ನಮ್ಮ ಕೈಯದೋ, ಅಂಗಳದಲ್ಲಿ ಒಣಗಿದ ಜೋಳಕ್ಕೆ ಹಿಡಿದ ಬಿಸಿಲಿನದೋ? ಜೋಳ ತೆಗೆದು ನೋಡಿದರೆ ತಿಳಿಯುತ್ತದಲ್ಲ! ಬೀಸಿ ಮುಗಿದ ಮೇಲೂ ಕಲ್ಲಿನ ಬಾಯಲ್ಲಿ ಒಂದು ಹಿಡಿ ಕಾಳು ಬಿಡುವುದು ನಮ್ಮಲ್ಲಿ ರೂಢಿ. ಬರೀ ಕಲ್ಲು ತಿರುವಿದರೆ ಮನೆಯಲ್ಲಿ ಕಾಳು ನಿಲ್ಲುವುದಿಲ್ಲ ಎನ್ನುತ್ತಿದ್ದರು. ಎಲ್ಲರೂ ಹೊಲಕ್ಕೆ ಹೋಗಿದ್ದ ಮಧ್ಯಾಹ್ನ ಆ ಹಿಡಿ ಕಾಳು ತೆಗೆದಿಟ್ಟು, ಬರೀ ಕಲ್ಲನ್ನು ಬೆವರು ಸುರಿಯುವತನಕ ತಿರುವಿದೆ. ಮೇಲಿನ ಕಲ್ಲು ಎತ್ತಿ ಮುಟ್ಟಿದರೆ ಬಿಸಿ! ಒಬ್ಬಳೇ ಕುಣಿದೆ ನೋಡಿ. ಕಾಳನ್ನು ಮತ್ತೆ ಕಲ್ಲಿನ ಬಾಯಿಗೆ ಹಾಕಿ ಏನೂ ಅರಿಯದವಳಂತೆ ಪುಸ್ತಕ ಹಿಡಿದು ಕೂತೆ.

ಕಲ್ಲಿಗೆ ಕಲ್ಲು ತಿಕ್ಕಿ ಉದುರಿದ ಪುಡಿಯ ನೆನಪು ಈ ಜಾಣೆಗೆ ಆಗಲೇ ಇಲ್ಲ. ಮರುದಿನ ಅಪ್ಪ ರೊಟ್ಟಿಯ ಮೊದಲ ತುತ್ತು ಕಚ್ಚಿದ, ಕರಕ್ ಎಂದಿತು. ಉಗುಳಿ ಎದ್ದು ನಿಂತ. "ಬರೀ ಕಲ್ಲು ಯಾರ ತಿರುವ್ಯಾರ?" ನನ್ನ ಶಾಲೆ ಮುಗಿಯಿತು ಎಂದುಕೊಂಡೆ. ಅತ್ತಿ ಒಮ್ಮೆ ನನ್ನ ಮುಖ ನೋಡಿದಳು, ಅಷ್ಟೆ. "ನಾನ ಅಣ್ಣ. ನಿದ್ದಿಗಣ್ಣಾಗ ಕಾಳ ಹಾಕೂದು ಮರತೆ." ಅಪ್ಪ ಸುಮ್ಮನಾಗಲಿಲ್ಲ. "ತವರಿನ ಕೂಳು ತಿನ್ನಾಕಿಗೆ ಇಷ್ಟೂ ಲಕ್ಷ್ಯ ಇರಬಾರದೇನ?" ಅಂದ. ಅತ್ತಿ ತಲೆ ತಗ್ಗಿಸಿ ಆ ರೊಟ್ಟಿಗಳನ್ನು ಎಮ್ಮೆಗೆ ಹಾಕಲು ಎತ್ತಿಕೊಂಡು ಹೋದಳು. ನಾನು ಮಾತಾಡಲಿಲ್ಲ. ಶಾಲೆ ಉಳಿಯಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ ಕೂಡ, ನಾಚಿಕೆಗೇಡಿ. ಮರುದಿನ ಜಾವದಲ್ಲಿ ಗೂಟ ಹಿಡಿಯಲು ಹೋದರೆ ಕೈ ಸರಿಸಿದಳು. "ನೀ ಓದಕೋ ಹೋಗು. ಇಬ್ಬರು ಬೀಸೂದ ನಾ ಒಬ್ಬಾಕೀನ ಬೀಸ್ತೇನಿ. ಪರೀಕ್ಷಾ ಪಾಸಾಗಲಿಲ್ಲಂದ್ರ ಮಾತ್ರ ನಿನ್ನ ಕಾಲ ಮುರೀತೇನಿ." ಪಾಸಾದೆ. ಮುಂದೆ ಸವಣೂರಿನಲ್ಲಿ ಓದಿದೆ, ಹಿರೇಕೆರೂರಿನಲ್ಲಿ ಮಾಸ್ತರಿಣಿಯಾದೆ. ಅಷ್ಟೂ ವರ್ಷ ಅತ್ತಿ ಒಬ್ಬಳೇ ಬೀಸಿದಳು.

ನೌಕರಿ ಸೇರಿದ ಮೊದಲ ದಸರೆ ಸೂಟಿಗೆ ಊರಿಗೆ ಹೋದಾಗ ಗಿರಣಿ ಬಂದಿತ್ತು. ಅತ್ತಿಯ ತೋಳು ಹೆಗಲಿಗಿಂತ ಮೇಲೆ ಏಳುತ್ತಿರಲಿಲ್ಲ. ಅವಳನ್ನು ಕಟ್ಟೆಯ ಮೇಲೆ ಕೂರಿಸಿ, ಹಿಂದೆ ಕೂತು ತಲೆ ಬಾಚತೊಡಗಿದೆ. "ಹುಡುಗರಿಗೆ ಏನ ಕಲಸ್ತೀಯವ್ವಾ?" ಎಂದಳು. "ಶಕ್ತಿ ಸಾಯಂಗಿಲ್ಲತ್ತಿ, ಬ್ಯಾರೆ ರೂಪ ತಗೋತೈತಿ ಅಂತ" ಅಂದೆ. ಮಡಿಲಲ್ಲಿದ್ದ ತನ್ನ ಕೈಗಳನ್ನು ನೋಡಿಕೊಂಡು ನಕ್ಕಳು. "ಹಂಗಾರ ನನ್ನ ರಟ್ಟ್ಯಾಗಿನ ಶಕ್ತಿ ಎಲ್ಲಿ ಹೋತು, ಹೇಳು ನೋಡೂಣು?"

ಚೇಷ್ಟೆಗೆ ಕೇಳಿದ್ದು. ಉತ್ತರ ನನ್ನ ತುಟಿಯತನಕ ಬಂದಿತ್ತು. ಅಪ್ಪನೆದುರು ತೆರೆಯದ ಬಾಯಿ ಅವತ್ತೂ ತೆರೆಯಲಿಲ್ಲ. ಸಿಕ್ಕು ಬಿಡಿಸಿ ತುರುಬು ಕಟ್ಟಿ ಎದ್ದೆ. ಸುಗ್ಗಿಯ ಹೊತ್ತಿಗೆ ಅತ್ತಿ ಇರಲಿಲ್ಲ.

ಎಲ್ಲೂ ಹೋಗಿರಲಿಲ್ಲತ್ತಿ. ನಿನ್ನ ಬೆನ್ನ ಹಿಂದ ಕುಂತು ತಲಿ ಬಾಚಾಕತ್ತಿತ್ತು.