ಕೊರಳಿನ ಅರಿಷಿಣ

ನಮ್ಮ ಸಾಲಗುಂದದಲ್ಲಿ ಮುತ್ತೈದೆಯೊಬ್ಬಳು ತೀರಿಕೊಂಡರೆ ಮೊದಲು ಕರೆ ಹೋಗುವುದು ಯಂಕಮ್ಮನಿಗೆ. ಹೆಣಕ್ಕೆ ನೀರು ಹಾಕಿ, ಅರಿಷಿಣ ಬಳಿದು, ಹಸಿರು ಬಳೆ ತೊಡಿಸಿ, ಉಡಿ ತುಂಬುವವಳು ಅವಳೇ. ಊರಿನ ದೊಡ್ಡ ದೊಡ್ಡ ಮೀಸೆಗಳೆಲ್ಲ ಆಗ ಅಂಗಳದಲ್ಲಿ ಬೀಡಿ ಸೇದುತ್ತ ನಿಂತಿರುತ್ತವೆ. ಯಂಕಮ್ಮ ಮಾತ್ರ ಹೆಣದ ಜೊತೆಗೂ ಮಾತಾಡುತ್ತಾಳೆ: "ಕೈ ಸಡಿಲ ಬಿಡವ್ವಾ, ಬಳಿ ಇಡತೀನಿ." ಬಾಯಿ ಜೋರು, ಕರುಳು ಮೆತ್ತಗೆ. ಇದ್ದೊಬ್ಬ ಮಗಳು ಅಂಬಿಕಾಳನ್ನು ಇದೇ ಊರಿನ ಹುಲಿಗೆಮ್ಮನ ಕಿರಿಮಗ ಶಿವರಾಜನಿಗೆ ಕೊಟ್ಟಾಗ, ಕಣ್ಣೆದುರಿಗೇ ಇರುತ್ತಾಳೆಂದು ಹಿಗ್ಗಿದ್ದಳು.

ಹೋದ ಸುಗ್ಗಿಯಲ್ಲಿ ಕರೆ ಬಂದದ್ದು ಆ ಮನೆಯಿಂದಲೇ. ಹಿರಿಸೊಸೆ ರೇಣುಕಾ ಸತ್ತಿದ್ದಳು.

"ರಾತ್ರಿ ಮಕ್ಕಂಡಾಕಿ ಏಳಲೇ ಇಲ್ಲ ಬೀಗತಿ. ಹಾರ್ಟ್ ಅಟ್ಯಾಕ್ ಆಗೈತಿ. ಬಿಸಲು ಏರೂದರಾಗ ಮುಗಿಸಿಬಿಡಾಮು" ಎಂದಳು ಹುಲಿಗೆಮ್ಮ. ರೇಣುಕಾಳ ಗಂಡ ಅಂಗಳದ ಮೂಲೆಯಲ್ಲಿ ಮಂಡಿಗೆ ತಲೆ ಕೊಟ್ಟು ಕೂತಿದ್ದ. ಮಸ್ಕಿಯಲ್ಲಿದ್ದ ಅವಳ ತವರಿನವರಿಗಾಗಿ ಕಾಯುವ ಮಾತನ್ನು ಹುಲಿಗೆಮ್ಮ ಎತ್ತಲೇ ಇಲ್ಲ. ಯಂಕಮ್ಮನಿಗೆ ಅದು ಸರಿಕಾಣಲಿಲ್ಲ.

ಬಚ್ಚಲಲ್ಲಿ ಅಂಬಿಕಾ ನೀರು ಹೊಯ್ದಳು, ಯಂಕಮ್ಮ ಹೆಣದ ಮೈ ತೊಳೆದಳು. ಕೂದಲು ಸರಿಸಿದರೆ ಕೊರಳ ಸುತ್ತ ಕಂದಿದ ಗೆರೆ. ಯಂಕಮ್ಮನ ಕೈ ನಿಂತಿತು. ಬಾಗಿಲಾಚೆ ಹುಲಿಗೆಮ್ಮ ಕೆಮ್ಮಿದಳು.

"ಅವ್ವಾ, ಕೊಳ್ಳಿಗೆ ಅರಿಷಿಣ ದಪ್ಪಗ ಹಚ್ಚು" ಎಂದು ಅಂಬಿಕಾ ಪಿಸುಗುಟ್ಟಿದಳು. "ಅತ್ತಿ ಹೇಳ್ಯಾಳ. ನಾ ಇದ ಮನ್ಯಾಗ ಬಾಳೇ ಮಾಡಬೇಕು, ನಿನ್ನ ಕಾಲು ಬೀಳತೀನಿ."

ಯಂಕಮ್ಮ ಹಚ್ಚಿದಳು. ಹೆತ್ತವಳು, ಇನ್ನೇನು ಮಾಡಿಯಾಳು!

ಹೆಣ ಎತ್ತುವ ಮೊದಲೇ ಪೊಲೀಸ್ ಜೀಪು ಬಂತು. ಯಾರೋ ಪುಣ್ಯಾತ್ಮರು ಮಸ್ಕಿಗೆ ಫೋನು ಮಾಡಿದ್ದರಿಂದ ತವರಿನವರು ಠಾಣೆಗೆ ಹೋಗಿದ್ದರು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣು ಸತ್ತರೆ ತಹಶೀಲ್ದಾರರೇ ಬಂದು ಶವದ ಪಂಚನಾಮೆ ಮಾಡಬೇಕು; ರೇಣುಕಾಳಿಗೆ ಇನ್ನೂ ಏಳು ತುಂಬಿರಲಿಲ್ಲ. ಸಿಂಧನೂರಿನಿಂದ ಬಂದ ಸಾಹೇಬರು ನಮ್ಮಲ್ಲಿ ಐವರನ್ನು ಪಂಚರೆಂದು ಆರಿಸಿದರು, ನಾನೂ ಒಬ್ಬ. ಮಹಿಳಾ ಪೊಲೀಸ್ ಒದ್ದೆ ಬಟ್ಟೆಯಿಂದ ಕೊರಳು ಒರೆಸಿದಳು. ಗೆರೆ ನಮಗೆಲ್ಲ ಕಂಡಿತು.

"ಇದನ್ನ ಮುಚ್ಚಿದ್ದು ಯಾರು?" ಎಂದರು ಸಾಹೇಬರು.

"ನಾನ್ರೀ. ರೂಢಿ ಐತ್ರೀ ನಮ್ಮಲ್ಲಿ."

"ಮೈಗೆಲ್ಲ ತೆಳ್ಳಗೆ, ಕೊರಳಿಗೆ ಮಾತ್ರ ಇಷ್ಟು ದಪ್ಪಗೆ. ಇದೂ ರೂಢಿನಾ? ಯಾರು ಹೇಳಿದ್ರು?"

ಯಂಕಮ್ಮ ಅರಿಷಿಣದ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಆಗ ಜೀಪಿನಲ್ಲೇ ಬಂದಿದ್ದ ರೇಣುಕಾಳ ತಾಯಿ ಮುಂದೆ ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. "ನನ್ನ ಕೂಸಿನ ಮೈ ಕಡೀಗೆ ಮುಟ್ಟಿದ ಕೈ ಇವು. ಸುಳ್ಳು ಹೇಳಬ್ಯಾಡ ಯವ್ವಾ."

ಯಂಕಮ್ಮ ಗಳಗಳ ಅತ್ತಳು. "ನನ್ನ ಮಗಳು ಹೇಳಿದ್ಲ್ರೀ. ಅಕಿಗೆ ಹೇಳಿದಾಕಿ ಬ್ಯಾರೆ ಅದಾಳ. ಹೇಳು ಅಂಬಿಕಾ, ಹೆದರಬ್ಯಾಡ, ನಾ ಅದೀನಿ."

ಅಂಬಿಕಾ ಬಾಯಿ ತೆರೆಯುವಷ್ಟರಲ್ಲಿ ಹುಲಿಗೆಮ್ಮ ಎದೆ ಬಡಿದುಕೊಂಡು ಮುಂದೆ ಬಂದಳು. ಎಂಥ ಹೆಂಗಸು, ದೇವರೇ!

"ಕೇಳಿದ್ರ್ಯಾ ಸಾಹೇಬ್ರ, ಹಡದಾಕಿನ ಹೇಳಾಕತ್ಯಾಳ! ನಿನ್ನಿ ರೇಣುಕಾನ ಕೂಡ ಜಗಳಾಡಿದಾಕಿ ಇಕಿನ. ಮನಿ ಮರ್ಯಾದಿ ಅಂತ ನಾವು ಬಾಯಿ ಮುಚ್ಚಿಗೊಂಡಿದ್ವಿ."

"ಸುಳ್ಳು!" ಎಂದು ಅಂಬಿಕಾ ಗಂಡನ ಕಡೆ ತಿರುಗಿದಳು. "ನೀವರ ಹೇಳ್ರೀ."

ಸಾಹೇಬರೂ ಶಿವರಾಜನನ್ನೇ ಕೇಳಿದರು. ಅವನು ತಾಯಿಯ ಮುಖ ನೋಡಿದ. ಆಮೇಲೆ ನೆಲ ನೋಡುತ್ತ, "ಅವ್ವ ಹೇಳೂದು ಖರೇ ಐತ್ರೀ" ಎಂದ.

ಮಹಿಳಾ ಪೊಲೀಸ್ ಅಂಬಿಕಾಳ ರಟ್ಟೆ ಹಿಡಿದಳು.